ಕಲ್ಲಿದ್ದಲ ಗಣಿಯಿಂದ ತಂಡದ ಅಧಿಕಾರಕ್ಕೆ: ಜಾಕ್ ಸ್ಟೀನನ ವೃತ್ತಿಜೀವನ

ಸ್ಕಾಟ್ಲೆಂಡಿನ ಕಾಲ್ಚೆಂಡಾಟದ ಇತಿಹಾಸದಲ್ಲಿ ಜಾಕ್ ಸ್ಟೀನನ (1922–1985) ಹೆಸರನ್ನು ಸಾಮಾನ್ಯವಾಗಿ ಆತನ ತಂಡಗಳು ಗೆದ್ದ ಬಹುಮಾನಗಳೊಡನೆ ಸ್ಮರಿಸುವುದು ವಾಡಿಕೆ. ಗ್ಲಾಸ್ಗೋ ನಗರದ ಸೆಲ್ಟಿಕ್ ಸಂಘಕ್ಕೆ ಹತ್ತು ಲೀಗ್ ಪ್ರಶಸ್ತಿಗಳನ್ನೂ 1967ರ ಯುರೋಪಿಯನ್ ಕಪ್ಪನ್ನೂ ದೊರಕಿಸಿಕೊಟ್ಟವನ ವಿಷಯದಲ್ಲಿ ಇದು ಸಹಜವೇ ಸರಿ. ಆದರೆ ಇತಿಹಾಸದ ದೃಷ್ಟಿಯಿಂದ ನೋಡುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದುಂಟು. ಪಂದ್ಯದ ದಿನ ಯಾವ ಹನ್ನೊಂದು ಮಂದಿ ಕಣಕ್ಕಿಳಿಯಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಯಾರದು? ಸಂಘದ ಒಡೆಯರದೋ, ಆಟವನ್ನು ಬಲ್ಲವನದೋ? ಸ್ಟೀನನ ಬಾಳಿನ ನಿರ್ಣಾಯಕ ಘಟ್ಟಗಳೆಲ್ಲ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆಂಬುದು ನಮ್ಮ ಅಭಿಪ್ರಾಯ.

‘ಮ್ಯಾನೇಜರ್’ ಎಂಬ ಪದವನ್ನೇ ಇಲ್ಲಿ ಉಳಿಸಿಕೊಂಡಿದ್ದೇವೆ. ‘ವ್ಯವಸ್ಥಾಪಕ’ನೆಂದರೆ ಲೆಕ್ಕಪತ್ರ ನೋಡುವ ಕಚೇರಿಯ ಅಧಿಕಾರಿಯ ಚಿತ್ರ ಮೂಡುತ್ತದೆ. ವಿಚಿತ್ರವೆಂದರೆ, ಬ್ರಿಟನ್ನಿನಲ್ಲಿಯೂ ಈ ಹುದ್ದೆ ಬಹುಕಾಲ ಹೆಚ್ಚುಕಡಮೆ ಹಾಗೆಯೇ ಇತ್ತು. ತಂಡದ ಆಯ್ಕೆಯಲ್ಲಿ ಅನೇಕ ಕಡೆ ಆಡಳಿತ ಮಂಡಲಿಯ ಮಾತೇ ನಡೆಯುತ್ತಿತ್ತು. 1945ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸಂಘವನ್ನು ಸೇರಿದ ಮ್ಯಾಟ್ ಬಸ್ಬಿಯು ಈ ಪದ್ಧತಿಗೆ ಒಪ್ಪದೆ ತನ್ನ ಅಧಿಕಾರವನ್ನು ಮೊದಲೇ ಖಚಿತಪಡಿಸಿಕೊಂಡನು. ಬಸ್ಬಿ, ಲಿವರ್‌ಪೂಲಿನ ಬಿಲ್ ಶ್ಯಾಂಕ್ಲಿ, ಸ್ಟೀನ್—ಈ ಮೂವರೂ ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ಕಲ್ಲಿದ್ದಲ ಸೀಮೆಯಲ್ಲಿ ಹುಟ್ಟಿದವರು. ಮೂವರೂ ಹರೆಯದಲ್ಲಿ ಗಣಿಗಿಳಿದು ದುಡಿದವರು. ಇದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಸ್ಟೀನನು ಲ್ಯಾನಾರ್ಕ್‌ಷೈರಿನ ಬರ್ನ್‌ಬ್ಯಾಂಕಿನಲ್ಲಿ 1922ರ ಅಕ್ಟೋಬರ್ 5ರಂದು ಜನಿಸಿದನು. ಶಾಲೆ ಬಿಟ್ಟ ಮೇಲೆ ಅಲ್ಪಕಾಲ ರತ್ನಗಂಬಳಿಯ ಕಾರ್ಖಾನೆಯಲ್ಲಿದ್ದು ಗಣಿ ಸೇರಿದನು. ಭೂಮಿಯೊಳಗಣ ಕತ್ತಲಲ್ಲಿ ಪಕ್ಕದಲ್ಲಿರುವವನ ಮುಖ ಕಾಣದಿದ್ದರೂ ಅವನಿಗಿಂತ ಆಪ್ತಮಿತ್ರನಿಲ್ಲವೆಂಬ ಅರ್ಥದ ಮಾತನ್ನು ಮುಂದೆ ಆತನು ಆಡುವುದಿತ್ತು. 1942ರಿಂದ ಕೋಟ್‌ಬ್ರಿಜ್ಜಿನ ಆಲ್ಬಿಯನ್ ರೋವರ್ಸ್ ತಂಡದಲ್ಲಿ ಆಡುತ್ತಲೇ ಗಣಿಯ ಕೆಲಸವನ್ನೂ ನಡೆಸಿದನು. 1950ರಲ್ಲಿ ವೇಲ್ಸಿನ ಲನೆಲ್ಲಿಗೆ ಹೋದನು. ಅಲ್ಲಿಗೆ ಆಟಗಾರನ ಕಥೆ ಮುಗಿಯಿತೆಂದೇ ಹೇಳಬಹುದಾಗಿತ್ತು. ಆದರೆ 1951ರ ಡಿಸೆಂಬರಿನಲ್ಲಿ ಸೆಲ್ಟಿಕ್ ಸಂಘವು 1,200 ಪೌಂಡು ಕೊಟ್ಟು, ಮುಖ್ಯವಾಗಿ ಮೀಸಲು ತಂಡಕ್ಕೆಂದು, ಈತನನ್ನು ಕರೆಯಿಸಿಕೊಂಡಿತು.

ಈ ಕರೆಯ ಮಹತ್ವ ತಿಳಿಯಬೇಕಾದರೆ ಗ್ಲಾಸ್ಗೋ ನಗರದ ಮತೀಯ ಒಡಕನ್ನು ನೆನೆಯಬೇಕು. ಸೆಲ್ಟಿಕ್ ಸಂಘವು 1887ರಲ್ಲಿ ಸ್ಥಾಪಿತವಾದದ್ದು ನಗರದ ಪೂರ್ವಭಾಗದ ಬಡ ಐರಿಷ್ ಕ್ಯಾಥೊಲಿಕರ ನೆರವಿಗಾಗಿ. ಎದುರಾಳಿಯಾದ ರೇಂಜರ್ಸ್ ಸಂಘವು ಪ್ರಾಟೆಸ್ಟಂಟರ ಅಭಿಮಾನದ ಕೇಂದ್ರ. ಆ ಸಂಘವು 1989ರಲ್ಲಿ ಮೋ ಜಾನ್‌ಸ್ಟನ್ನನನ್ನು ಸೇರಿಸಿಕೊಳ್ಳುವವರೆಗೆ ದಶಕಗಳ ಕಾಲ ಕ್ಯಾಥೊಲಿಕ್ ಆಟಗಾರರನ್ನು ತಿಳಿದೂ ತಿಳಿದೂ ದೂರವಿಟ್ಟಿತ್ತು. ಸೆಲ್ಟಿಕ್‌ನಲ್ಲಿ ಆಟಗಾರರಿಗೆ ಅಂಥ ಕಟ್ಟುಪಾಡಿರಲಿಲ್ಲ. ಆದರೂ ಪ್ರಾಟೆಸ್ಟಂಟ್ ಮನೆತನದ ಸ್ಟೀನನು ಹಸುರು-ಬಿಳಿ ಅಂಗಿ ತೊಟ್ಟಾಗ ಊರಿನ ಕೆಲವು ಹಳೆಯ ಗೆಳೆಯರು ಮಾತು ಬಿಟ್ಟರು.

ಇತರರಿಗಾದ ಗಾಯಗಳು ಸ್ಟೀನನಿಗೆ ಮೊದಲ ತಂಡದ ಬಾಗಿಲನ್ನೂ ಆಮೇಲೆ ನಾಯಕತ್ವವನ್ನೂ ತೆರೆದವು. 1953ರಲ್ಲಿ ಕಾರೊನೇಷನ್ ಕಪ್, 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡೂ ಸೆಲ್ಟಿಕ್‌ಗೆ ದೊರೆತವು. ಅದೇ ಬೇಸಿಗೆಯಲ್ಲಿ ಸಂಘದ ಅಧ್ಯಕ್ಷ ರಾಬರ್ಟ್ ಕೆಲ್ಲಿಯು ಆಟಗಾರರನ್ನು ಸ್ವಿಟ್ಜರ್ಲೆಂಡಿನ ವಿಶ್ವಕಪ್ಪಿಗೆ ಕರೆದೊಯ್ದನು; ಅಲ್ಲಿ ಹಂಗೆರಿಯ ಆಟವು ಸ್ಟೀನನ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. 1955ರಲ್ಲಿ ಕಣಕಾಲಿಗಾದ ಪೆಟ್ಟು ಆತನ ಆಟವನ್ನು ಕೊನೆಗಾಣಿಸಿತು. ಬಳಿಕ ಮೀಸಲು ತಂಡದ ಎಳೆಯರಿಗೆ ಶಿಕ್ಷಕನಾದನು.

ಇದೇ ಕೆಲ್ಲಿಯು ಸಂಘದ ಬೇರೂರಿದ ರೋಗಕ್ಕೂ ಕಾರಣನೆಂದರೆ ಅನ್ಯಾಯವಾಗಲಾರದು. ಮ್ಯಾನೇಜರ್ ಪದವಿಯಲ್ಲಿದ್ದ ಜಿಮ್ಮಿ ಮೆಗ್ರೋರಿಯು ಗೋಲು ಹೊಡೆಯುವುದರಲ್ಲಿ ಅದ್ವಿತೀಯನಾಗಿದ್ದವನು, ಸಾಧುಸ್ವಭಾವದವನು. ತಂಡದ ಆಯ್ಕೆಯಲ್ಲಿ ಕೊನೆಯ ಮಾತು ಅಧ್ಯಕ್ಷನದಾಗಿರುತ್ತಿತ್ತು. ಸ್ಟೀನನು 1960ರ ಮಾರ್ಚಿಯಲ್ಲಿ ಡನ್‌ಫರ್ಮ್‌ಲಿನ್ ಸಂಘಕ್ಕೆ ಹೋಗಿ, ಅಲ್ಲಿ ಮರುವರ್ಷವೇ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯದ ಮರುಆಟದಲ್ಲಿ ಸೆಲ್ಟಿಕ್ಕನ್ನೇ 2–0ರಿಂದ ಸೋಲಿಸಿದನು. ಇದಕ್ಕಿಂತ ಸ್ಪಷ್ಟವಾದ ಅರ್ಜಿಯನ್ನು ಯಾರು ತಾನೆ ಬರೆದಾರು?

ಎಡಿನ್‌ಬರೋ ನಗರದ ಹೈಬರ್ನಿಯನ್ ಸಂಘದಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಸೆಲ್ಟಿಕ್‌ನಿಂದ ಕರೆ ಬಂದಿತು. ಕೆಲ್ಲಿಯು ಮೊದಲು ಸೂಚಿಸಿದ್ದು ಪೂರ್ಣಾಧಿಕಾರವನ್ನಲ್ಲ. ಐರ್ಲೆಂಡಿನವನೂ ಕ್ಯಾಥೊಲಿಕನೂ ಆದ ಷಾನ್ ಫ್ಯಾಲನ್ನನೊಡನೆ ಹಂಚಿಕೊಳ್ಳುವ ಹುದ್ದೆಯನ್ನು. ಸ್ಟೀನನು ಒಪ್ಪಲಿಲ್ಲ. ತಂಡದ ವಿಷಯದಲ್ಲಿ ತನ್ನ ಮಾತೇ ಕೊನೆಯದಾಗಬೇಕೆಂದನು; ಅಧ್ಯಕ್ಷನು ಮಣಿದನು. 1965ರ ಮಾರ್ಚಿಯಲ್ಲಿ ಸ್ಟೀನನು ಸಂಘದ ನಾಲ್ಕನೆಯ ಮ್ಯಾನೇಜರನೂ, ಕ್ಯಾಥೊಲಿಕನಲ್ಲದ ಮೊದಲನೆಯವನೂ ಆದನು. ಫ್ಯಾಲನ್ನನು ಮನಸ್ಸು ಕಹಿಮಾಡಿಕೊಳ್ಳದೆ ಸಹಾಯಕನಾಗಿ ನಿಂತದ್ದನ್ನು ಇಲ್ಲಿ ಹೇಳಲೇಬೇಕು.

ಮುಂದಿನದು ಪ್ರಸಿದ್ಧ. 1966ರಿಂದ 1974ರವರೆಗೆ ಸತತ ಒಂಬತ್ತು ಲೀಗ್ ಪ್ರಶಸ್ತಿಗಳು. 1967ರ ಮೇ 25ರಂದು ಲಿಸ್ಬನ್ನಿನಲ್ಲಿ, ರಕ್ಷಣೆಯನ್ನೇ ಶಾಸ್ತ್ರವಾಗಿಸಿಕೊಂಡಿದ್ದ ಇಟಲಿಯ ಇಂಟರ್ ಮಿಲಾನಿಗೆ ಮೊದಲು ಪೆನಾಲ್ಟಿಯ ಗೋಲು ಬಿಟ್ಟುಕೊಟ್ಟರೂ, ಗೆಮ್ಮೆಲ್ ಮತ್ತು ಚಾಮರ್ಸ್ ಹೊಡೆದ ಗೋಲುಗಳಿಂದ ಸೆಲ್ಟಿಕ್ 2–1ರಿಂದ ಗೆದ್ದಿತು. ಯುರೋಪಿಯನ್ ಕಪ್ಪನ್ನು ಗೆದ್ದ ಮೊದಲ ಬ್ರಿಟಿಷ್ ತಂಡ ಇದು. ಆ ಹನ್ನೊಂದು ಮಂದಿಯೂ ಸಂಘದ ಕ್ರೀಡಾಂಗಣದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಅವರಲ್ಲಿ ಕ್ಯಾಥೊಲಿಕರೂ ಇದ್ದರು, ಪ್ರಾಟೆಸ್ಟಂಟರೂ ಇದ್ದರು. ಅವರಲ್ಲಿ ಹೆಚ್ಚಿನವರು ಸ್ಟೀನನು ಬರುವ ಮುನ್ನವೇ ಸಂಘದಲ್ಲಿದ್ದವರೆಂಬ ಸಂಗತಿಯನ್ನು ಗಮನಿಸಬೇಕು. ಬದಲಾದದ್ದು ಆಟಗಾರರಿಗಿಂತ ಹೆಚ್ಚಾಗಿ, ಅವರನ್ನು ಆರಿಸಿ ನಿಲ್ಲಿಸುವ ಕೈ.

ಆದರೆ ಆ ಅಧಿಕಾರವು ಗೆಲುವು ಇದ್ದಷ್ಟು ದಿನದ್ದು. 1975ರ ಬೇಸಿಗೆಯಲ್ಲಿ ಮೋಟಾರು ಅಪಘಾತದಲ್ಲಿ ಸ್ಟೀನನು ಸಾವಿನಂಚಿಗೆ ಹೋಗಿ ಬಂದನು. 1977ರಲ್ಲಿ ಹತ್ತನೆಯ ಲೀಗ್ ಪ್ರಶಸ್ತಿ ಬಂದರೂ ಮರುವರ್ಷ ತಂಡ ಕುಸಿಯಿತು. ಆಗ ಮಂಡಲಿಯು ಆತನಿಗೆ ನಿರ್ದೇಶಕನ ಸ್ಥಾನವನ್ನು ನೀಡಲು ಮುಂದಾಯಿತು. ಹೊಣೆ ಮಾತ್ರ ಹಣ ಕೂಡಿಸುವ ವ್ಯಾಪಾರ ವಿಭಾಗದ್ದು. ಹದಿಮೂರು ವರ್ಷ ತಂಡವನ್ನು ಆಳಿದವನಿಗೆ ಒಡೆಯರ ಮೇಜಿನ ಬಳಿ ಕುರ್ಚಿ ದೊರೆಯುವುದಿತ್ತು, ಆಟದ ಮೇಲಣ ಹಿಡಿತ ಹೋಗುವುದಿತ್ತು. ಸ್ಟೀನನು ಅದನ್ನು ಬಿಟ್ಟು ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಸಂಘಕ್ಕೆ ಹೋದನು. 44 ದಿನಗಳಲ್ಲಿ ಅದನ್ನೂ ತೊರೆದು 1978ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡ್ ರಾಷ್ಟ್ರತಂಡದ ಮ್ಯಾನೇಜರನಾದನು.

1982ರಲ್ಲಿ ಆ ತಂಡವು ಸ್ಪೇನಿನ ವಿಶ್ವಕಪ್ಪಿನಲ್ಲಿ ಆಡಿತು. 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್ ನಗರದಲ್ಲಿ ವೇಲ್ಸಿನ ಎದುರು, ಮುಂದಿನ ವಿಶ್ವಕಪ್ಪಿನ ದಾರಿ ಮುಚ್ಚದಿರಲು ಬೇಕಾಗಿದ್ದ ಸಮಬಲವನ್ನು ಡೇವಿ ಕೂಪರನು ಪೆನಾಲ್ಟಿಯಿಂದ ತಂದನು. ಪಂದ್ಯ ಮುಗಿಯುವ ಹೊತ್ತಿಗೆ ಸ್ಟೀನನು ಕುಸಿದು, ಕ್ರೀಡಾಂಗಣದ ಚಿಕಿತ್ಸಾ ಕೊಠಡಿಯಲ್ಲಿಯೇ ಕೊನೆಯುಸಿರೆಳೆದನು. ಅಂದು ಆತನ ಸಹಾಯಕನಾಗಿದ್ದ ಅಲೆಕ್ಸ್ ಫರ್ಗುಸನ್ನನು ತಂಡವನ್ನು 1986ರ ಮೆಕ್ಸಿಕೋ ವಿಶ್ವಕಪ್ಪಿಗೆ ಕರೆದೊಯ್ದು, ಅದೇ ವರ್ಷದ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಹಿಂದೆ ಬಸ್ಬಿ ಕುಳಿತಿದ್ದ ಸ್ಥಾನಕ್ಕೆ ಬಂದನು.