ಕಾವೇರಿಯ ದಡದಲ್ಲಿ ಶುಕ್ರ್‌ನ ಪಾಠ

ಕೊಡಗಿನ ನೆಲ್ಯಹುದಿಕೇರಿ ಕಾವೇರಿ ನದಿಯ ದಡದಲ್ಲಿರುವ ಊರು. ನದಿಯ ಒಂದು ಬದಿಯಲ್ಲಿ ನೆಲ್ಯಹುದಿಕೇರಿ, ಇನ್ನೊಂದು ಬದಿಯಲ್ಲಿ ಸಿದ್ದಾಪುರ ಮತ್ತು ಕರಡಿಗೋಡು. ಸುತ್ತಲೂ ಕಾಫಿ ತೋಟಗಳು. ಕೂಲಿಯನ್ನೇ ನಂಬಿದ ಅನೇಕ ಬಡ ಕುಟುಂಬಗಳು ಬೇರೆ ಜಾಗವಿಲ್ಲದೆ ನದಿಯ ಅಂಚಿನಲ್ಲೇ ಮನೆ ಕಟ್ಟಿಕೊಂಡಿದ್ದವು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಹರಿದಾಗ ಕುಂಬಾರಗುಂಡಿ, ಬೆಟ್ಟದಕಾಡು ಭಾಗದ ಮನೆಗಳಿಗೆ ನೀರು ನುಗ್ಗಿತು. ಎಷ್ಟೋ ಮನೆಗಳು ನೆಲಸಮವಾದವು. ಆ ವರ್ಷ ಆಗಸ್ಟ್ 12ರಂದು ಬಕ್ರೀದ್ ಬಂದಾಗ ಹಲವು ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿದ್ದವು.

ಇಮಾಮ್ ತಿರ್ಮಿದಿಯವರು ವರದಿ ಮಾಡಿರುವ ಒಂದು ಹದೀಸ್‌ನಲ್ಲಿ ಪ್ರವಾದಿವರ್ಯರು(ಸ) ಮೂರು ಅನುಗ್ರಹಗಳನ್ನು ಒಟ್ಟಿಗೆ ಹೇಳಿದ್ದಾರೆ: ನಿರ್ಭಯವಾದ ನೆಲೆ, ಆರೋಗ್ಯವಂತ ದೇಹ, ಅಂದಿನ ದಿನಕ್ಕೆ ಸಾಕಾಗುವ ಆಹಾರ. ಈ ಮೂರರೊಂದಿಗೆ ಬೆಳಗನ್ನು ಕಂಡವನಿಗೆ ಇಡೀ ಲೋಕವೇ ದೊರೆತಂತೆ ಎಂಬುದು ಅದರ ಸಾರ. ಹಿಂದಿನ ದಿನದವರೆಗೂ ನೆಲ್ಯಹುದಿಕೇರಿಯ ಆ ಮನೆಗಳಲ್ಲಿ ಇವು ಇದ್ದವು. ಒಲೆ ಉರಿಯುತ್ತಿತ್ತು, ಮಕ್ಕಳ ಪುಸ್ತಕ ಒಣಗಿತ್ತು, ಬಾಗಿಲು ಮುಚ್ಚಿ ನಿದ್ರಿಸಬಹುದಾಗಿತ್ತು. ಇವುಗಳನ್ನು ಸಂಪತ್ತೆಂದು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೀಗೆ ಲೆಕ್ಕಕ್ಕೆ ಬಾರದೆ ಹೋಗುವ ಅನುಗ್ರಹಗಳ ಕುರಿತು ಪವಿತ್ರ ಕುರ್‌ಆನ್ ಒಂದು ಜನಾಂಗದ ಇತಿಹಾಸವನ್ನೇ ನಮ್ಮ ಮುಂದಿಟ್ಟಿದೆ. ಅದು ಯಮನ್ ದೇಶದ ಸಬಾ ಜನಾಂಗ. ಅವರ ಮಾರಿಬ್ ಅಣೆಕಟ್ಟು ಪ್ರಾಚೀನ ಲೋಕದ ಮಹಾ ನಿರ್ಮಾಣಗಳಲ್ಲಿ ಒಂದು. ಮಳೆಗಾಲದಲ್ಲಿ ಕಣಿವೆಗೆ ಹರಿದು ಬರುವ ನೀರನ್ನು ತಡೆದು, ಎರಡೂ ಬದಿಯ ತೂಬುಗಳ ಮೂಲಕ ಹೊಲಗಳಿಗೆ ಹಾಯಿಸುತ್ತಿದ್ದರು. ಕಾಬಾಲಯದ ಮೇಲೆ ಆನೆಗಳೊಂದಿಗೆ ದಂಡೆತ್ತಿ ಬಂದ ಅಬ್ರಹನೇ ಕ್ರಿ.ಶ. 548ರ ಸುಮಾರಿಗೆ ಈ ಅಣೆಕಟ್ಟನ್ನು ದುರಸ್ತಿ ಮಾಡಿಸಿದ್ದನ್ನು ಶಿಲಾಶಾಸನವೊಂದು ದಾಖಲಿಸಿದೆ. ಅದರ ತೂಬುಗಳ ಅವಶೇಷ ಇಂದಿಗೂ ನಿಂತಿದೆ.

ಸೂರಃ ಸಬಾದ 15ರಿಂದ 19ನೇ ವಚನಗಳು ಈ ಜನರ ಬಲ ಮತ್ತು ಎಡ ಬದಿಯ ತೋಟಗಳನ್ನೂ ಅವರ ಮೇಲೆರಗಿದ ಪ್ರವಾಹವನ್ನೂ ವಿವರಿಸುತ್ತವೆ. ಅವರಿಗೆ ಇನ್ನೊಂದು ಸೌಕರ್ಯವೂ ಇತ್ತು. ಪ್ರಯಾಣದ ದಾರಿಯುದ್ದಕ್ಕೂ ಊರುಗಳಿದ್ದವು; ಹಗಲಿರುಳೂ ನಿರ್ಭಯವಾಗಿ ಸಂಚರಿಸಬಹುದಾಗಿತ್ತು. ಆದರೆ ಆ ಸೌಕರ್ಯವೇ ಅವರಿಗೆ ಬೇಸರವಾಯಿತು. ತಮ್ಮ ಪ್ರಯಾಣದ ಅಂತರ ಹೆಚ್ಚಲಿ ಎಂದು ಅವರು ಬೇಡಿಕೊಂಡರು. ಪ್ರತಿದಿನ ಕೈಗೆ ಸಿಗುವುದು ಅನುಗ್ರಹವೆಂದು ಕಾಣದೆ ಹೋದದ್ದೇ ಅವರ ಕೃತಘ್ನತೆಯ ಆರಂಭ.

ಇಲ್ಲಿ ನಾವು ಬಹಳ ಎಚ್ಚರದಿಂದಿರಬೇಕು. ಸಬಾದ ಕಥೆಯನ್ನು ಓದಿ, ನೆರೆಯಲ್ಲಿ ಮನೆ ಕಳೆದುಕೊಂಡವರ ಕಡೆಗೆ ಬೆರಳು ತೋರಿಸುವ ಹಕ್ಕು ನಮಗಿಲ್ಲ. ಸಬಾದ ವಿಷಯವನ್ನು ತಿಳಿಸಿದವನು ಅಲ್ಲಾಹನು. ನದಿ ದಡದ ಬಡವರ ಅಂತರಂಗವನ್ನು ನಮಗೆ ಯಾರೂ ತಿಳಿಸಿಲ್ಲ. ನೀರಿನಲ್ಲಿ ಮುಳುಗಿ ಮೃತಪಟ್ಟ ವಿಶ್ವಾಸಿಯನ್ನು ಪ್ರವಾದಿವರ್ಯರು(ಸ) ಹುತಾತ್ಮರ ಸಾಲಿನಲ್ಲಿ ಎಣಿಸಿದ್ದಾರೆ. ಹಾಗಿರುವಾಗ ಪ್ರವಾಹಕ್ಕೆ ಸಿಲುಕಿದವರನ್ನೆಲ್ಲ ಶಿಕ್ಷೆಗೊಳಗಾದವರೆಂದು ಹೇಳುವುದು ಹೇಗೆ? ಸಬಾದ ಪಾಠ ಇರುವುದು ಮನೆ ಉಳಿದವರಿಗೆ, ಅಂದರೆ ನಮಗೆ. ಇತರರ ಕಷ್ಟವನ್ನು ನೋಡಿ, ನಾವು ಪಾರಾದೆವೆಂದು ‘ಅಲ್‌ಹಮ್ದುಲಿಲ್ಲಾಹ್’ ಎಂದು ಹೇಳಿ ಸುಮ್ಮನಾದರೆ ಶುಕ್ರ್ ಪೂರ್ಣವಾಗುವುದಿಲ್ಲ.

ಹಾಗಾದರೆ ಶುಕ್ರ್ ಎಂದರೇನು? ಸಬಾದ ಕಥೆ ಆರಂಭವಾಗುವ ಮುನ್ನ, ಅದೇ ಸೂರಃದ 13ನೇ ವಚನದಲ್ಲಿ, ದಾವೂದರ(ಅ) ಕುಟುಂಬಕ್ಕೆ ಕೃತಜ್ಞತೆಯಿಂದ ಕರ್ಮವೆಸಗುವಂತೆ ಆದೇಶವಿದೆ. ಕೃತಜ್ಞತೆಯನ್ನು ನುಡಿಯಲು ಮಾತ್ರವಲ್ಲ, ಮಾಡಲು ಹೇಳಲಾಗಿದೆ. ಇದನ್ನು ಬದುಕಿ ತೋರಿಸಿದವರು ಖಲೀಫ ಉಮರ್(ರ). ಹಿಜರಿ 18ರಲ್ಲಿ ಅರೇಬಿಯಾವನ್ನು ಭೀಕರ ಬರಗಾಲ ಕಾಡಿತು. ಇತಿಹಾಸದಲ್ಲಿ ಅದು ‘ರಮಾದಃ’ ವರ್ಷವೆಂದು ಪ್ರಸಿದ್ಧ. ಜನರಿಗೆ ಸಿಗುವವರೆಗೆ ತುಪ್ಪ, ಮಾಂಸಗಳನ್ನು ತಾವೂ ಮುಟ್ಟುವುದಿಲ್ಲವೆಂದು ಉಮರ್(ರ) ನಿಶ್ಚಯಿಸಿದರು. ಹೊರಗಿನ ಪ್ರಾಂತ್ಯಗಳಿಂದ ಧಾನ್ಯ ತರಿಸಿ ಹಸಿದವರಿಗೆ ಹಂಚಿಸಿದರು. ತಮ್ಮ ತಟ್ಟೆಯ ಅನುಗ್ರಹವನ್ನು ಇತರರ ತಟ್ಟೆಯನ್ನು ನೋಡಿ ಅಳೆದ ಆಡಳಿತಗಾರ ಅವರು.

ನಮ್ಮ ಕೊಡಗೂ ಇದರ ಒಂದು ನೋಟವನ್ನು ಕಂಡಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗಲೂ, ಮರುವರ್ಷ ಕಾವೇರಿ ಉಕ್ಕಿದಾಗಲೂ ಶಾಲೆಗಳು, ಸಮುದಾಯ ಭವನಗಳು ಸಂತ್ರಸ್ತರಿಗೆ ಬಾಗಿಲು ತೆರೆದವು. ಅನ್ನ ಬೇಯಿಸಿದವರು, ದೋಣಿಯಲ್ಲಿ ಹೋಗಿ ಜನರನ್ನು ಕರೆತಂದವರು ಎಲ್ಲ ಧರ್ಮದವರೂ ಆಗಿದ್ದರು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬುದು ಪ್ರವಾದಿ(ಸ) ಬೋಧನೆ. ಆ ಉಪಕಾರವನ್ನು ನಮ್ಮ ಮಕ್ಕಳಿಗೆ ಹೇಳುವುದೂ ಶುಕ್ರ್‌ನ ಭಾಗವೇ.

ಆದರೆ ಪರಿಹಾರ ಕೇಂದ್ರ ಮುಚ್ಚಿದೊಡನೆ ಸಂಕಷ್ಟ ಮುಗಿಯುವುದಿಲ್ಲ. ದಡದಿಂದ ದೂರ ಸುರಕ್ಷಿತ ಸೂರಿಗಾಗಿ ಆ ಕುಟುಂಬಗಳು ದೀರ್ಘಕಾಲ ಕಾಯಬೇಕಾಯಿತು. ನೆರೆಯ ದಿನ ಅಕ್ಕಿ ಹಂಚಿದ ನಾವು ನಂತರದ ಮಳೆಗಾಲಗಳಲ್ಲಿ ಅವರನ್ನು ವಿಚಾರಿಸಿದ್ದೇವೆಯೇ? ಈ ಪ್ರಶ್ನೆಯನ್ನು ನಮ್ಮ ಮಹಲ್ಲುಗಳೂ ಮನೆಗಳೂ ಕೇಳಿಕೊಳ್ಳಬೇಕು.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಆ ಮೂರು ಅನುಗ್ರಹಗಳನ್ನು ಮಕ್ಕಳೊಂದಿಗೆ ಎಣಿಸೋಣ: ಸೂರು, ಆರೋಗ್ಯ, ಅನ್ನ. ಬಳಿಕ, ನಮ್ಮ ನೆರೆಹೊರೆಯಲ್ಲಿ ಇವುಗಳಲ್ಲಿ ಯಾವುದು ಯಾರಿಗೆ ಇಲ್ಲವೆಂದು ವಿಚಾರಿಸೋಣ. ಕರುಣಾಮಯನಾದ ಅಲ್ಲಾಹನು ನಮ್ಮನ್ನು ನಾಲಿಗೆಯಿಂದಲೂ ಕೈಗಳಿಂದಲೂ ಕೃತಜ್ಞತೆ ಸಲ್ಲಿಸುವ ದಾಸರ ಸಾಲಿಗೆ ಸೇರಿಸಲಿ, ಸೂರಿಲ್ಲದವರಿಗೆ ಸೂರು ಕರುಣಿಸಲಿ. ಆಮೀನ್.