ಕೊಟ್ಟಿಗೆಗೆ ಬಾರದ ಹಳದಿ ಕಾಗದ

ನವಿ ಮುಂಬಯಿಯ ಸಾನಪಾಡಾಕ್ಕೆ ಅಂಟಿಕೊಂಡೇ ತುರ್ಭೆಯ ಎಪಿಎಂಸಿ ಮಾರುಕಟ್ಟೆ ಇದೆ. ಇಲ್ಲಿನ ಮನೆಗಳಲ್ಲಿ ದಿನಬೆಳಗಾದರೆ ಕಾಯುವುದು ಒಂದೋ ಪ್ಯಾಕೆಟ್ ಹಾಲು, ಇಲ್ಲವೇ ಠಾಣೆ, ಕಲ್ಯಾಣ ಕಡೆಯ ತಬೇಲಾಗಳ ಎಮ್ಮೆ ಹಾಲು. ಆ ಎಮ್ಮೆಗಳಿಗೆ ಮೇಯಲು ಹೊಲವಿಲ್ಲ. ಹತ್ತಿಕಾಳು ಹಿಂಡಿ, ತೊಗರಿ ಚುನ್ನಿ, ಜೋಳದ ಕಣಿಕೆ ಎಲ್ಲವೂ ಬಯಲುಸೀಮೆಯಿಂದ ಲಾರಿಯಲ್ಲಿ ಬರಬೇಕು. ಈ ಮೇವುಗಳ ಬೆನ್ನಿಗೆ ಗಿಡವೇ ತನ್ನ ರಕ್ಷಣೆಗೆಂದು ಮಾಡಿಕೊಂಡ ವಿಷವೂ ಬರಬಹುದು. ಅದನ್ನು ದನದ ಬಾಯಿಗೆ ಬೀಳುವ ಮೊದಲೇ ಬೇಗ ಪತ್ತೆ ಹಚ್ಚುವ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ.

ಮೊದಲು ಜೋಳ. ಒಣಗಿದ ಕಣಿಕೆಯಲ್ಲಿ ಅಪಾಯ ಕಡಿಮೆ. ಮಳೆ ಕೈಕೊಟ್ಟು ಮುರುಟಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಮಾತ್ರ ದನಕ್ಕೆ ಯಮ. ವಿಜಯಪುರ, ಕಲಬುರಗಿಯ ರೈತರಿಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿಗಳು ಎಳೆ ಜೋಳದಿಂದ ಧುರಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ದನ ಎಲೆಯನ್ನು ಅಗಿದಾಗ ಧುರಿನ್ ಒಡೆದು ಸಯನೈಡ್ ಹೊರಬೀಳುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ರಕ್ತ ಢಾಳಾಗಿ ಕೆಂಪಗಿರುವಾಗಲೇ ದನ ಉಸಿರುಗಟ್ಟಿ ಸಾಯುತ್ತದೆ.

1906ರಲ್ಲಿ ಫ್ರಾನ್ಸಿನ ಲಿಯೋನ್ ಗಿನ್ಯಾರ್ ಕೊಟ್ಟ ಪರೀಕ್ಷೆ ಇಂದಿಗೂ ಹಳತಾಗಿಲ್ಲ. ಪಿಕ್ರಿಕ್ ಆಮ್ಲ ಮತ್ತು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಸೋಸುಕಾಗದದ ಪಟ್ಟಿಯನ್ನು ಅದ್ದಿ ತೆಗೆಯಬೇಕು. ಹೆಚ್ಚಿದ ಎಲೆಯನ್ನು ಗಾಜಿನ ನಳಿಗೆಗೆ ತುಂಬಿ, ಎರಡು ಹನಿ ಕ್ಲೋರೋಫಾರ್ಮ್ ಬಿಟ್ಟು, ಎಲೆಗೆ ತಾಗದಂತೆ ಪಟ್ಟಿಯನ್ನು ತೂಗುಬಿಟ್ಟು ಬಿರಡೆ ಬಿಗಿಯಬೇಕು. ವಿಷವಿದ್ದರೆ ಹಳದಿ ಕಾಗದ ಕಿತ್ತಳೆಗೆ ತಿರುಗಿ, ಆಮೇಲೆ ಇಟ್ಟಿಗೆ ಕೆಂಪಾಗುತ್ತದೆ. ಬಣ್ಣ ಎಷ್ಟು ಬೇಗ, ಎಷ್ಟು ಗಾಢವಾಗಿ ಏರಿತು ಎಂಬುದರಿಂದ ವಿಷದ ಪ್ರಮಾಣವನ್ನು ಅಂದಾಜು ಮಾಡಬಹುದು. ಹಸಿ ಮೇವಿನಲ್ಲಿ 200 ಪಿಪಿಎಂ ದಾಟಿದರೆ ಅಪಾಯ ಎಂಬುದು ರೂಢಿಯ ಲೆಕ್ಕ. 1966ರಲ್ಲಿ ಫೈಗಲ್ ಮತ್ತು ಆಂಗರ್ ತಾಮ್ರದ ಸಂಯುಕ್ತ ಬಳಸಿ ನೀಲಿಗೆ ತಿರುಗುವ, ಇನ್ನೂ ಸೂಕ್ಷ್ಮವಾದ ಕಾಗದ ಮಾಡಿದರು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಹೊವಾರ್ಡ್ ಬ್ರಾಡ್‌ಬರಿ ಆಫ್ರಿಕಾದ ಮರಗೆಣಸು ತಿನ್ನುವ ಜನರಿಗಾಗಿ ಪಿಕ್ರೇಟ್ ಕಾಗದವನ್ನೇ ಬಣ್ಣದ ಪಟ್ಟಿಯ ಜೊತೆ ಕಿಟ್ ಮಾಡಿ ಹಂಚಿದರು. ಒಂದು ರಾತ್ರಿ ಕಾಯಬೇಕಿತ್ತು, ಆದರೆ ಅದಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ.

ತೊಗರಿ ಚುನ್ನಿಯದು ಬೇರೆ ಕಥೆ. ತೊಗರಿಯಲ್ಲಿ ದೋಷವಿಲ್ಲ, ಅದಕ್ಕೆ ಬೆರೆಸುವ ಕೇಸರಿ ಬೇಳೆಯಲ್ಲಿ ಇದೆ. ಕಾಲು ಸೆಡೆತು ನಡೆಯಲಾಗದಂತೆ ಮಾಡುವ ಆ ವಿಷವನ್ನು 1964ರಲ್ಲಿ ಬೇರ್ಪಡಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ ಮತ್ತು ಶರ್ಮ ಇದ್ದಾರೆ. ಅದೇ ಎಸ್.ಎಲ್.ಎನ್. ರಾವ್ 1978ರಲ್ಲಿ ಬಣ್ಣದಿಂದ ಅದನ್ನು ಅಳೆಯುವ ವಿಧಾನವನ್ನೂ ಕೊಟ್ಟರು. ಕನ್ನಡ ನೆಲದಲ್ಲಿ ನಡೆದ 1964ರ ಆ ಕೆಲಸವನ್ನು ನಾವು ನೆನೆಯುವುದು ತೀರ ಕಡಿಮೆ. ಅಂಗಡಿ ಮಟ್ಟದಲ್ಲಿ ಆಮ್ಲ ಹಾಕಿ ಬಿಸಿ ಮಾಡಿ ಗುಲಾಬಿ ಬಣ್ಣ ನೋಡುವ ಪರೀಕ್ಷೆ ಚಾಲ್ತಿಯಲ್ಲಿದೆ. ಅದನ್ನೊಂದನ್ನೇ ನಂಬುವಂತಿಲ್ಲ, ಬೇಳೆಗೆ ಹಚ್ಚುವ ಮೆಟನಿಲ್ ಹಳದಿಯೂ ಆಮ್ಲದಲ್ಲಿ ಗುಲಾಬಿಯಾಗುತ್ತದೆ.

ಇನ್ನು ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷ ಅನಿಲಿನ್ ಜೊತೆ ಹಳದಿ ಬಣ್ಣ ಕೊಡುತ್ತದೆ. ಬೆಳೆದ ಎಮ್ಮೆಯ ಹೊಟ್ಟೆ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಕರು ತಾಳದು.

ಮುಂದೆ ದಾರಿ ಕವಲೊಡೆಯಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಅಫ್ಲಾಟಾಕ್ಸಿನ್ ಬೆಳಕಿಗೆ ಬಂತು. ಅದು ಗಿಡದ ವಿಷವಲ್ಲ, ಬೂಷ್ಟಿನದು. 1971ರಲ್ಲಿ ಸ್ವೀಡನ್ನಿನಲ್ಲಿ ಎಲೈಸಾ ಪರೀಕ್ಷೆ ಬಂದ ಮೇಲೆ ಪ್ರತಿಕಾಯಗಳಿಂದ ವಿಷ ಗುರುತಿಸುವುದು ಸಾಧ್ಯವಾಯಿತು. ಆಮೇಲೆ ಗರ್ಭಪರೀಕ್ಷೆಯ ಪಟ್ಟಿಯಂತೆ ಗೆರೆ ಮೂಡಿಸುವ ಪಟ್ಟಿಗಳು ಬಂದವು. 2016ರಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಕಾಲು ಗಂಟೆಯೊಳಗೆ ಅಫ್ಲಾಟಾಕ್ಸಿನ್ ತೋರಿಸುವ ಅಗ್ಗದ ಕಿಟ್ ಹೊರತಂದಿತು.

ಹಣ, ಗಮನ ಎರಡೂ ಅತ್ತಲೇ ಹರಿದದ್ದು ಏಕೆ? ಅಫ್ಲಾಟಾಕ್ಸಿನ್ ಹಾಲಿಗೆ ಇಳಿಯುತ್ತದೆ. 2019ರಲ್ಲಿ ಪ್ರಕಟವಾದ ಎಫ್‌ಎಸ್‌ಎಸ್‌ಎಐ ಸಮೀಕ್ಷೆಯ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಅದು ಮಿತಿ ಮೀರಿತ್ತು. ಡೈರಿ, ವ್ಯಾಪಾರ, ರಫ್ತು ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ. ಜೋಳದ ಸಯನೈಡ್ ಹಾಗಲ್ಲ, ಅದು ಹಸುವನ್ನೇ ಕೊಲ್ಲುತ್ತದೆ, ನಷ್ಟ ಒಬ್ಬ ರೈತನ ಮನೆಯಲ್ಲೇ ಮುಗಿಯುತ್ತದೆ. ಆ ನಷ್ಟಕ್ಕೆ ಪೇಟೆಯಲ್ಲಿ ಗಿರಾಕಿ ಇಲ್ಲ. ಗಿನ್ಯಾರನ ಕಾಗದ ಪಶುವೈದ್ಯ ಕಾಲೇಜುಗಳ ಪಾಠದಲ್ಲೇ ಉಳಿದದ್ದು ಇದರಿಂದ ಎಂದೇ ನನ್ನ ತಿಳಿವಳಿಕೆ.

ರೈತರೇ ಮನೆಯಲ್ಲಿ ಆ ಕಾಗದವನ್ನು ತಯಾರಿಸಿಕೊಳ್ಳಲಿ ಎನ್ನಲಾಗದು. ಒಣಗಿದ ಪಿಕ್ರಿಕ್ ಆಮ್ಲ ಸಿಡಿಯುವ ವಸ್ತು. ಸಿದ್ಧ ಪಟ್ಟಿಗಳನ್ನು ಪ್ರಯೋಗಾಲಯವೇ ಮಾಡಿ ಕೊಡಬೇಕು. ಮಾದರಿ ಎತ್ತುವುದನ್ನೂ ಕಲಿಸಬೇಕು: ಹೊಲದ ಸೊಂಪಾದ ಗಿಡಗಳನ್ನಲ್ಲ, ಬಾಡಿದ ಗಿಡ್ಡ ಗಿಡಗಳನ್ನೇ ಆರಿಸಬೇಕು. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ದನ ನೆಲಕ್ಕೆ ಬಿದ್ದ ಮೇಲಿನ ಮಾತು, ಅದೂ ವೈದ್ಯರು ಹೊತ್ತಿಗೆ ತಲುಪಿದರೆ. ಜೋಳ ಬೆಳೆಯುವ ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲಿ ಮಳೆ ಕೈಕೊಟ್ಟ ವರ್ಷವಾದರೂ ಆ ಔಷಧಿಯ ಪಕ್ಕದಲ್ಲಿ ಒಂದು ಕಟ್ಟು ಹಳದಿ ಪಟ್ಟಿ ಇರಬೇಕು.