ತಂತಿಗಿಂತ ಮೊದಲು ಪಹಣಿ ಬಂತು!

ಅಂತರ್ಜಾಲದ ಇತಿಹಾಸ ಅಂದ್ರೆ ಬೆಂಗಳೂರಿನ ಕಥೆ ಹೇಳಿ ಮುಗಿಸಿಬಿಡ್ತೀವಿ. ನಾನು ಆಳಂದ ತಾಲೂಕಿನ ಭೂಸನೂರಿನ ಕಡೆಯಿಂದ ನೋಡ್ತೀನಿ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲ ಕೊಟ್ಟಿತು, ಅದೂ ದೊಡ್ಡ ನಗರಗಳಲ್ಲಿ. ಡಯಲ್ ಮಾಡಿ ಕೂತರೆ ಅಷ್ಟು ಹೊತ್ತು ಫೋನ್ ಬಂದ್!

ನಮ್ಮ ಕಡೆಯ ರೈತರು ಕಂಪ್ಯೂಟರ್ ಕಂಡಿದ್ದು ಬೇರೆ ದಾರಿಯಲ್ಲಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ. ಶಾನುಭೋಗರ ಬೆನ್ನು ಬೀಳುವುದು ತಪ್ಪಿತು. ಆದರೆ ಭೂಸನೂರಿನವರು ಆಳಂದದ ಬಸ್ ಹಿಡಿಯಬೇಕು, ಒಂದು ದಿನದ ಕೂಲಿ ಹೋಯ್ತು.

2004ರ ನೀತಿ 256 ಕೆಬಿಪಿಎಸ್ ವೇಗಕ್ಕೆ ಬ್ರಾಡ್‌ಬ್ಯಾಂಡ್ ಎಂದು ಹೆಸರಿಟ್ಟಿತು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಬಂತು. ಅದೇ ತಾಮ್ರದ ತಂತಿ, ಎಡಿಎಸ್‌ಎಲ್ ತಂತ್ರ. ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ಸಿಗ್ನಲ್ ಸೊರಗುತ್ತದೆ. ಹೀಗಾಗಿ ಪಟ್ಟಣದವರಿಗೆ ಲಾಭ, ಹಳ್ಳಿ ಹಿಂದೆ.

2011ರಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿತು. ಇದೇ ಮುಂದೆ ಭಾರತ್‌ನೆಟ್. ಫೈಬರಿನಲ್ಲಿ ಬೆಳಕು ಹತ್ತಾರು ಕಿಲೋಮೀಟರ್ ದಣಿಯದೆ ಹೋಗುತ್ತದೆ. ಆದರೆ ಪಂಚಾಯ್ತಿಯಿಂದ ಮನೆಗೆ ಯಾರು ಎಳೀಬೇಕು? ಆ ತುಂಡನ್ನು 2016ರ ನಂತರ ಅಗ್ಗದ 4ಜಿ ದಾಟಿಸಿತು, ತಂತಿಯೇ ಇಲ್ಲದೆ.

ಈಗ ಸರ್ವೆ ನಂಬರ್ ಒತ್ತಿದರೆ ಪಹಣಿ ಮೊಬೈಲಿನಲ್ಲೇ ಕಾಣುತ್ತದೆ. ವೇಗ ಅಳೆಯಲು ಕೆಬಿಪಿಎಸ್ ಇರಲಿ, ನಾನಂತೂ ಉಳಿದ ಬಸ್ ಚಾರ್ಜಿನಲ್ಲಿ ಅಳೀತೀನಿ. ನಿಮ್ಮೂರಿಗೆ ಯಾವ ದಾರೀಲಿ ಬಂತು? ಬರೀರಿ.